ತೊಳೆದಿಟ್ಟ ಡಬ್ಬಿ

ಸ್ನೇಹಲಳ ಹಿಮೋಗ್ಲೋಬಿನ್ ಏಳು ಪಾಯಿಂಟ್ ಎಂಟು ಎಂದು ಮಿರಜಿನ ಲ್ಯಾಬಿನಲ್ಲಿ ಬರೆದುಕೊಟ್ಟ ಹೊತ್ತಿಗೆ, ನಾನು ಸಾಂಗಲಿ ಹತ್ತಿರದ ಬುಧಗಾಂವದ ಅಂಗನವಾಡಿಯಲ್ಲಿ ಹನ್ನೊಂದು ಮಂದಿ ಬಸುರಿಯರನ್ನು ಚಾಪೆಯ ಮೇಲೆ ಕೂರಿಸಿಕೊಂಡು, ಮೈಯಲ್ಲಿ ರಕ್ತ ಕಡಿಮೆಯಾಗದ ಹಾಗೆ ಏನೇನು ತಿನ್ನಬೇಕು ಎಂದು ಹೇಳಿಕೊಡುತ್ತಿದ್ದೆ. ಗೋಡೆಯ ಮೇಲೆ ಸರ್ಕಾರದ ಚಿತ್ರಪಟ. ಸೊಪ್ಪು, ಬೆಲ್ಲ, ಶೇಂಗಾ, ಕಬ್ಬಿಣದ ಕಡಾಯಿ. ಒಂಬತ್ತು ವರ್ಷದಿಂದ ಅದೇ ಪಟ, ಅದೇ ಮಾತು. ಊರಿನ ಎಲ್ಲ ಮಕ್ಕಳ ತೂಕ ನನ್ನ ರಜಿಸ್ಟರಿನಲ್ಲಿತ್ತು. ಹದಿನೆಂಟು ವರ್ಷದ ನನ್ನ ಮಗಳದು ಇರಲಿಲ್ಲ.

ಅದು ತೊಂಬತ್ತೇಳನೆಯ ಇಸವಿ, ಸೆಪ್ಟೆಂಬರ್ ತಿಂಗಳು. ಅನಂತ ಚತುರ್ದಶಿ ಮುಗಿದು ಮೂರು ದಿನವಾಗಿತ್ತು. ಮಿರಜಿನ ಒಂದು ನರ್ಸಿಂಗ್ ಶಾಲೆಯಲ್ಲಿ ಸ್ನೇಹಲಳಿಗೆ ಸೀಟು ಸಿಕ್ಕಿತ್ತು. ಅಂಕಪಟ್ಟಿ ನೋಡಿದರು, ಎತ್ತರ ಅಳೆದರು, ಕಣ್ಣು ಪರೀಕ್ಷಿಸಿದರು, ಕೊನೆಗೆ ರಕ್ತ ತೆಗೆದರು. ನರ್ಸ್ ಆಗುವವಳಿಗೆ ಕನಿಷ್ಠ ಹತ್ತು ಇರಬೇಕು ಎಂಬುದು ಆ ಶಾಲೆಯ ನಿಯಮ. ನವೆಂಬರ್ ನಾಲ್ಕಕ್ಕೆ ಮತ್ತೆ ಪರೀಕ್ಷೆ, ಆಗಲೂ ಆಗದಿದ್ದರೆ ಪಟ್ಟಿಯಲ್ಲಿ ಮುಂದಿನ ಹುಡುಗಿಯನ್ನು ಕರೆಯುತ್ತೇವೆ ಎಂದು ಚೀಟಿ ಕೊಟ್ಟು ಕಳಿಸಿದ್ದರು. ಜೊತೆಗೆ ಹೋಗಿದ್ದ ನನ್ನ ಗಂಡ ಅಜಿತ ಆ ಚೀಟಿಯನ್ನು ತಂದು ನನ್ನ ಕೈಯಲ್ಲಿಟ್ಟರು. ಈ ಸೀಟು ಹೋದರೆ ಮುಂದೇನು ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಖಂಡೇರಾಜುರಿಯಿಂದ ಒಂದು ಸಂಬಂಧ ಬೇಸಿಗೆಯಿಂದಲೇ ಕಾದು ಕೂತಿತ್ತು. ಹುಡುಗ ಒಳ್ಳೆಯವನೇ. ಸ್ನೇಹಲಳಿಗೆ ಮಾತ್ರ ನರ್ಸ್ ಆಗಬೇಕಿತ್ತು.

ಗುರುತುಗಳು ಇರಲಿಲ್ಲವೆಂದಲ್ಲ. ಒಂದು ತಿಂಗಳಿಂದ ಅವಳು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು. ಉಗುರು ಬಿಳಿಚಿಕೊಂಡಿದ್ದವು. ಪಕ್ಕದ ಮನೆಯ ಜಿನಮತಿ ಕಾಕು ಅವಳ ಗದ್ದ ಹಿಡಿದು, "ಕಾಲೇಜ ಮುಗದ ಮ್ಯಾಲ ಹುಡಿಗಿ ಎಷ್ಟ ಬೆಳ್ಳಗ ಆಗ್ಯಾಳ ನೋಡ ನೀಲಾ! ಏನ ಹಚ್ಚತಾಳ ಮಾರೀಗೆ?" ಎಂದು ಕೇಳಿದ್ದರು. ನಾನು ನಕ್ಕಿದ್ದೆ.

ಡಾಕ್ಟರು ಕ್ಯಾಪ್ಸೂಲು ಬರೆದಿದ್ದರು. ಅದರ ಹೊದಿಕೆ ದನದ ಎಲುಬಿನಿಂದ ಮಾಡಿದ್ದು ಎಂದು ಜಿನಮತಿ ಕಾಕು ಎಲ್ಲೋ ಕೇಳಿದ್ದರು. ಆ ಮಾತು ಅತ್ತೆಯ ಕಿವಿಗೆ ಬಿದ್ದ ಕೂಡಲೇ ಪೊಟ್ಟಣ ಹಿತ್ತಿಲಿಗೆ ಹೋಯಿತು. ನಾನು ಮರುದಿನ ಸಾಂಗಲಿಯಲ್ಲಿ ಇಳಿದು, ಹೊದಿಕೆಯಿಲ್ಲದ ಗುಳಿಗೆ ತಂದೆ. ಬೆಳಿಗ್ಗೆ ತೆಗೆದುಕೊಂಡರೆ ಅವಳಿಗೆ ವಾಂತಿಯಾಗುತ್ತಿತ್ತು. ಹಾಗಿದ್ದರೆ ಸಂಜೆಯ ಊಟದ ಜೊತೆ ಕೊಡಿ ಎಂದು ಡಾಕ್ಟರು ಹೇಳಿದರು. ಗುಳಿಗೆಯ ಪಟ್ಟಿ ಸ್ನೇಹಲಳ ಪರ್ಸಿಗೆ ಸೇರಿತು.

ಮಿರಜಿನವರು ತಮ್ಮ ಆಹಾರತಜ್ಞೆ ಬರೆದ ಒಂದು ಹಾಳೆಯನ್ನೂ ಕೊಟ್ಟಿದ್ದರು. ಚೀಟಿ ಬಂದ ರಾತ್ರಿಯೇ ನಮ್ಮತ್ತೆ ಸಖುಬಾಯಿ ಕಂಬಕ್ಕೆ ಒರಗಿ ಕೂತು, "ಓದವ್ವಾ, ಏನ ಬರದಾಳ ನೋಡೂಣು" ಎಂದರು. ಅತ್ತೆಗೆ ಆಗ ಎಪ್ಪತ್ತು. ನಾವು ಜೈನರು, ಮನೆಯಲ್ಲಿ ಯಾರು ಏನು ತಿನ್ನಬೇಕು ಎಂಬುದು ಅವರ ಇಲಾಖೆ.

"ಬೀಟ್‌ರೂಟ್."

"ನೆಲದಾಗಿಂದು. ಮುಂದ."

"ಗಜ್ಜರಿ."

"ಅದೂ ನೆಲದಾಗಿಂದ."

"ಮೆಂತ್ಯ, ಪಾಲಕ, ರಾಜಗಿರಿ."

"ಚಾತುರ್ಮಾಸದಾಗ ತಪ್ಪಲ ಪಲ್ಯ? ಹುಳಾ ತಿನಸಬೇಕಂತಾಳ ಏನು?"

"ಮೊಳಕೆ ಕಾಳು."

"ಮೊಳಕಿ ಒಡದಿದ್ದಂದ್ರ ಜೀವ ಬಂದಂಗ. ಬ್ಯಾಡ."

"ಅಂಜೂರ."

"ಅಂಜೂರ ಒಡದ ಬೆಳಕಿಗೆ ಹಿಡದ ನೋಡ್ಯಾಳೇನ ಆ ಬಾಯಿ? ಒಳಗ ಏನೇನ ಹರಿದಾಡತಾವ ಗೊತ್ತಿಲ್ಲ ಅಕೀಗೆ."

"ಜೇನುತುಪ್ಪ" ಎಂದೆ. ಅತ್ತೆ ನನ್ನ ಮುಖ ನೋಡಿದರು ಅಷ್ಟೆ. ಅದರ ಕೆಳಗಿನ ಎರಡು ಸಾಲನ್ನು ನಾನೇ ಓದದೆ ಬಿಟ್ಟೆ.

"ಉಳದದ್ದೇನು?"

"ಬೆಲ್ಲ, ಶೇಂಗಾ, ಉತ್ತತ್ತಿ, ಲಿಂಬಿಹಣ್ಣು."

"ಅಷ್ಟ ಸಾಕ. ನನ್ನ ನಾಕು ಬಾಣಂತನ ಅಷ್ಟರಾಗ ಆಗ್ಯಾವ."

ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಅಜಿತ, "ಆ ಹಾಳಿ ಬರದಾಕಿ ನಮ್ಮನಿಗೆ ಸೊಸಿ ಆಗಿ ಬಂದಿದ್ರ ಉಪವಾಸ ಸಾಯತಿದ್ಲು" ಎಂದರು. ಅವರಿಗೆ ಬೆಳಿಗ್ಗೆ ಆರಕ್ಕೆ ಕುಪವಾಡದ ಕಾರ್ಖಾನೆಯಲ್ಲಿ ಪಾಳಿ.

ಅತ್ತೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ. ಮರುದಿನವೇ ರಕ್ತ ಹೆಚ್ಚಿಸುವ ಅಳವಿ ಬೀಜ ತರಿಸಿದರು. ಅದನ್ನು ಎಳನೀರಿನಲ್ಲಿ ನೆನೆಸಿ, ಹಸಿ ಕೊಬ್ಬರಿ, ಬೆಲ್ಲ ಹಾಕಿ ಬಾಡಿಸಿ ಉಂಡೆ ಕಟ್ಟಿದರು. ಗುರೆಳ್ಳು ಹುರಿದು ಚಟ್ನಿಪುಡಿ ಮಾಡಿದರು. ಜೋಳದ ರೊಟ್ಟಿ ಇದ್ದಲ್ಲಿ ಸಜ್ಜೆ ರೊಟ್ಟಿ ಬಂತು. ಹುರಳಿಕಾಳಿನ ಉಸಳಿಗೆ ಮೇಲೆ ಲಿಂಬೆ ಹಿಂಡಿದರು, ಉಂಡ ಮೇಲೆ ಚಹಾ ಬಂದ್ ಮಾಡಿಸಿದರು. ಇದನ್ನು ನಾನೂ ಹೇಳಿದೆ. ಕಾಳುಕಡಿಯಲ್ಲಿರುವ ಕಬ್ಬಿಣಾಂಶ ಲಿಂಬೆ, ನೆಲ್ಲಿಕಾಯಿ ಜೊತೆಗಿದ್ದರೆ ಮೈಗೆ ಹತ್ತುತ್ತದೆ, ಚಹಾ ಬಂದರೆ ಬಿಟ್ಟುಹೋಗುತ್ತದೆ ಎಂದು ನಮ್ಮ ತರಬೇತಿಯಲ್ಲಿ ಕಲಿಸಿದ್ದರು. ಅತ್ತೆಗೆ ಯಾರೂ ಕಲಿಸಿರಲಿಲ್ಲ, ಗೊತ್ತಿತ್ತು.

ಕಬ್ಬಿಣದ ಕಡಾಯಿ ಮಾತ್ರ ಮನೆಯಲ್ಲಿ ಇರಲಿಲ್ಲ. ಎರಡು ವರ್ಷದ ಹಿಂದೆ ಹಳೆಯದು ಕೊಟ್ಟು ಹೊಸದು ಒಯ್ಯುವ ಯೋಜನೆ ಸಾಂಗಲಿಯ ಭಾಂಡಿ ಅಂಗಡಿಗೆ ಬಂದಾಗ, ಕಡಾಯಿ ಮತ್ತು ಹಂಚು ಎರಡನ್ನೂ ತೂಕಕ್ಕೆ ಹಾಕಿ, ರೊಟ್ಟಿ ಅಂಟದ ಕರಿಯ ತವೆಯೊಂದನ್ನು ನಾನೇ ತಂದಿದ್ದೆ. ಅಂಗನವಾಡಿಯಲ್ಲಿ ಹೇಳುವುದು ಬೇರೆ, ಭಾನುವಾರ ಬಜಾರಿಗೆ ಹೋದಾಗ ಆಸೆ ಪಡುವುದು ಬೇರೆ. ಅತ್ತೆ ಅದನ್ನು ನೆನಪಿಸಲಿಲ್ಲ. ಮಿರಜಿಗೆ ಹೋಗುವವರ ಕೈಯಲ್ಲಿ ಹೇಳಿ ಕಳಿಸಿ ಹೊಸ ಕಡಾಯಿ ತರಿಸಿದರು.

ಈ ಎಲ್ಲ ಅಡುಗೆ ಸ್ನೇಹಲಳ ಸಂಜೆಯ ಡಬ್ಬಿಗೆ ಹೋಗುತ್ತಿತ್ತು. ಡಬ್ಬಿ ಯಾಕೆಂದರೆ, ನಮ್ಮ ಮನೆಯಲ್ಲಿ ಸೂರ್ಯ ಮುಳುಗುವ ಮೊದಲೇ ಊಟ ಮುಗಿಯುತ್ತದೆ. ನಾನು, ಅಜಿತ ಕೆಲಸದಿಂದ ತಡವಾದರೆ ಅಷ್ಟು ಕಟ್ಟುನಿಟ್ಟಾಗಿ ಇರುವುದಿಲ್ಲ. ಆದರೆ ಆ ಆಷಾಢದಲ್ಲಿ ಊರಿಗೆ ಬಂದಿದ್ದ ಮುನಿ ಮಹಾರಾಜರ ಮುಂದೆ ಅತ್ತೆ, ಮೊಮ್ಮಗಳು ಇಬ್ಬರೂ ಕೈ ಎತ್ತಿ, ಕಾರ್ತಿಕ ಹುಣ್ಣಿಮೆಯವರೆಗೆ ಸೂರ್ಯಾಸ್ತದ ಮೇಲೆ ಬಾಯಿಗೆ ನೀರನ್ನೂ ಹಾಕುವುದಿಲ್ಲ ಎಂದು ನಿಯಮ ಹಿಡಿದಿದ್ದರು. ಆಗ ಸ್ನೇಹಲಳ ಸಾಂಗಲಿಯ ಕಂಪ್ಯೂಟರ್ ಕ್ಲಾಸು ಮೂರರಿಂದ ಐದು. ಮನೆಗೆ ಬಂದು ಉಣ್ಣುತ್ತಿದ್ದಳು. ಆಗಸ್ಟಿನಲ್ಲಿ ಅವಳ ಬ್ಯಾಚನ್ನು ಐದರಿಂದ ಏಳಕ್ಕೆ ಹಾಕಿದರು. ಬಸ್ಸಿನಿಂದ ಇಳಿಯುವ ಹೊತ್ತಿಗೆ ಕತ್ತಲೆ. ಹೊರಡುವ ಮೊದಲೇ ಉಣ್ಣು ಎಂದರೆ ನಾಲ್ಕಕ್ಕೆ ಅವಳಿಗೆ ಹಸಿವಿರುತ್ತಿರಲಿಲ್ಲ, ಅದಕ್ಕೇ ಡಬ್ಬಿ. ನಾಲ್ಕೂ ಕಾಲರ ಬಸ್ಸಿಗೆ ಹೊರಡುವಾಗ ಅತ್ತೆ ಡಬ್ಬಿ ಕಟ್ಟಿಕೊಡುತ್ತಿದ್ದರು. ನಾನು ಬೆಳಿಗ್ಗೆ ಒಲೆ ಹಚ್ಚಲು ಬಂದಾಗ ಡಬ್ಬಿ ತೊಳೆದು ಬೋರಲು ಹಾಕಿರುತ್ತಿತ್ತು. ನಾನು ಮತ್ತೇನು ನೋಡಬೇಕಿತ್ತು?

ಮೂರು ವಾರ ಕಳೆದು, ಅಕ್ಟೋಬರ್ ಒಂಬತ್ತಕ್ಕೆ ನಾನೇ ರಜೆ ಹಾಕಿ ಅವಳನ್ನು ಮಿರಜಿಗೆ ಕರೆದುಕೊಂಡು ಹೋದೆ. ಏಳು ಪಾಯಿಂಟ್ ಒಂಬತ್ತು.

ಲ್ಯಾಬಿನಿಂದ ನಮ್ಮನ್ನು ಆಹಾರದ ಹಾಳೆ ಬರೆದವರ ಹತ್ತಿರವೇ ಕಳಿಸಿದರು. ಮೃಣಾಲ ಮೇಡಂ ಎಂದು ಹೆಸರು, ಮೂವತ್ತರ ಒಳಗಿನ ಹೆಣ್ಣುಮಗಳು. ನಾನು ಅಳವಿಯಿಂದ ಹಿಡಿದು ಕಬ್ಬಿಣದ ಕಡಾಯಿಯವರೆಗೆ ಎಲ್ಲ ವರದಿ ಒಪ್ಪಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ಮರಾಠಿಯಲ್ಲಿ, "ನೀವು ಮಾಡಿದ್ದನ್ನು ಹೇಳಿದಿರಿ ಬಾಯಿ. ಈಗ ಅವಳು ತಿಂದದ್ದನ್ನು ಅವಳೇ ಹೇಳಲಿ" ಎಂದು ಸ್ನೇಹಲಳ ಕಡೆ ತಿರುಗಿದರು. "ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ. ನೀರು ಕುಡಿದದ್ದನ್ನೂ ಬಿಡಬೇಡ."

ನಾನು ಬಸುರಿಯರಿಗೆ ಕೇಳುವ ಪ್ರಶ್ನೆಯೇ ಅದು. ಚೆನ್ನಾಗಿ ಉಣ್ಣುತ್ತೀಯಾ ಎಂದು ಕೇಳಬಾರದು, ನಿನ್ನೆ ಏನೇನು ಉಂಡೆ ಎಂದು ಕೇಳಬೇಕು ಎಂದು ನಮಗೆ ಹೇಳಿಕೊಟ್ಟಿದ್ದರು.

ಸ್ನೇಹಲ ಹೇಳತೊಡಗಿದಳು. ಬೆಳಿಗ್ಗೆ ಹಾಲು, ಎರಡು ಉತ್ತತ್ತಿ. ಹತ್ತಕ್ಕೆ ಅವಲಕ್ಕಿ. ಒಂದು ಗಂಟೆಗೆ ಒಂದೂವರೆ ರೊಟ್ಟಿ, ಹೀರೆಕಾಯಿ. ಅಲ್ಲಿಗೆ ನಿಂತಳು.

"ಸಂಜೆ?"

ಅವಳು ಕಾಲಿನ ಹೆಬ್ಬೆರಳು ನೋಡುತ್ತ ಕೂತಳು.

"ಡಬ್ಬಿ ಒಯ್ತಾಳಲ್ರಿ" ಎಂದೆ ನಾನು.

"ನಿಮ್ಮನ್ನು ಕೇಳಲಿಲ್ಲ" ಎಂದರು ಮೇಡಂ.

"ಡಬ್ಬಿ ಒಯ್ತೀನಿ" ಎಂದಳು ಸ್ನೇಹಲ. "ಹಂಗ ಹೊಳ್ಳಿ ತರ್ತೀನಿ."

ಮೇಡಂ ಕಾಗದದ ಮೇಲೆ ಒಂದು ಗೆರೆ ಎಳೆದರು. ಮಧ್ಯಾಹ್ನ ಒಂದರಿಂದ ಮರುದಿನ ಬೆಳಿಗ್ಗೆ ಏಳರವರೆಗೆ. ಹದಿನೆಂಟು ತಾಸು. "ಗುಳಿಗೆ?" ಎಂದರು. ಸ್ನೇಹಲ ಪರ್ಸಿನಿಂದ ಪಟ್ಟಿ ತೆಗೆದು ಮೇಜಿನ ಮೇಲೆ ಇಟ್ಟಳು. ಮೊದಲ ಮೂರು ದಿನದ್ದು ಬಿಟ್ಟರೆ ಉಳಿದವೆಲ್ಲ ಇದ್ದಲ್ಲೇ ಇದ್ದವು. ಸಂಜೆಯ ಊಟದ ಜೊತೆ ಎಂದು ಹೇಳಿದ್ದರು, ಊಟ ಇರಲಿಲ್ಲ.

ಬಸ್ಸು ಹಿಡಿದು ಊರಿಗೆ ಹೊರಟೆವು. ನನಗೆ ಅವಳ ಮೇಲೆ ಸಿಟ್ಟು ಬಂದಿತ್ತೋ ನನ್ನ ಮೇಲೋ, ಈಗ ನೆನಪಾಗುವುದಿಲ್ಲ. ಮನೆಗೆ ಬಂದಾಗ ಅತ್ತೆ ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದರು. ಪಾಳಿ ಮುಗಿಸಿ ಬಂದ ಅಜಿತ ಎಮ್ಮೆಗೆ ನೀರು ತೋರಿಸುತ್ತಿದ್ದರು.

"ಅತ್ತಿ, ಸ್ನೇಹಲನ ಡಬ್ಬಿ ಯಾರ ತೊಳೀತಾರ್ರಿ?"

"ನಾನ ತೊಳೀತೇನಿ. ಯಾಕ, ಜಿಡ್ಡ ಉಳದೈತೇನು?"

"ಒಳಗಿಂದು ಎಲ್ಲಿ ಹೋಗತೈತ್ರಿ?"

ಅತ್ತೆಯ ಕೈ ಮೊರದ ಮೇಲೆ ನಿಂತಿತು. ಅವರು ಎಮ್ಮೆಯ ಕಡೆ ನೋಡಿದರು. ನಾವೆಲ್ಲರೂ ಎಮ್ಮೆಯ ಕಡೆ ನೋಡಿದೆವು.

ಅಜಿತ ಬಕೆಟ್ ಕೆಳಗಿಟ್ಟರು. "ಅಳವಿ ಉಂಡಿ? ಉತ್ತತ್ತಿ? ಎಲ್ಲಾ ಇದಕ್ಕ ಹಾಕೀಯೇನ ಅವ್ವಾ? ಅದಕ್ಕ ಅಂತೀನಿ, ಹದಿನೈದು ದಿನಾತು, ಹೊತ್ತಿಗೆ ಅರ್ಧಾ ಲೀಟರ ಹೆಚ್ಚಿಗಿ ಹಿಂಡಾಕತ್ತೈತಿ. ನಾಳೆ ಇದನ್ನ ಮಿರಜಿಗೆ ಕರಕೊಂಡ ಹೋಗ, ನೀಲಾ. ನರ್ಸ ಆಗಾಕ ಪಾಸ್ ಆಗತೈತಿ."

ಯಾರೂ ನಗಲಿಲ್ಲ. ಅವರೂ ನಗಲಿಲ್ಲ.

"ಮತ್ತೇನ ಮಾಡಲಿ?" ಎಂದರು ಅತ್ತೆ. "ರಾತ್ರಿ ಹೊಳ್ಳಿ ತಂದದ್ದು ಮರದಿವಸಕ್ಕ ಬಾಸಿ, ತಂಗಳಾತು. ಮಂದಿಗೆ ಕೊಡಾಕ ಬರೂದಿಲ್ಲ. ಆಕಿ ನನ್ನ ಕೈ ಹಿಡದ ಹೇಳ್ಯಾಳ, ಆಯಿ, ಮಮ್ಮಿಗೆ ಹೇಳಬ್ಯಾಡ, ಹೇಳಿದ್ರ ನಿಯಮ ಬಿಡಸತಾಳ ಅಂತ. ನೀ ಬಿಡಸತಿದ್ದಿಲ್ಲೇನು? ಖರೇ ಹೇಳು."

"ಬಿಡಸತಿದ್ನಿ."

"ಹಂಗಂದ ಮ್ಯಾಲ ಮುಗೀತು. ನಾ ಏಳು ವರ್ಷದಾಕಿ ಇದ್ದಾಗಿಂದ ರಾತ್ರಿ ಬಾಯಾಗ ಒಂದ ಅಗಳ ಹಾಕಿಲ್ಲ. ಏನಾಗೇತಿ ನನಗ? ಎಪ್ಪತ್ತ ಆತು, ಇನ್ನೂ ಸೂಜ್ಯಾಗ ದಾರಾ ಪೋಣಸತೇನಿ."

"ನೀವು ಆರಕ್ಕ ಮುಂಚೆ ಕುಂತ ಎರಡು ರೊಟ್ಟಿ ಉಂತೀರಿ ಅತ್ತಿ. ಆಕಿ ಉಣ್ಣೂದ ಇಲ್ಲ. ನಿಮ್ಮದು ಲಗೂನ ಉಣ್ಣೂ ನಿಯಮ. ಆಕೀದು ಏನ್ರಿ?"

ಅತ್ತೆ ಮೊರ ಬದಿಗಿಟ್ಟು ಸ್ನೇಹಲಳ ಕಡೆ ನೋಡಿದರು. "ಇಲ್ಲೆ ಬಾ. ಕುಂದರ. ಡಬ್ಬಿ ಯಾಕ ತಗೀಲಿಲ್ಲ ನೀ? ಮೊದಲ ಹಸಿವಿಲ್ಲ ಅಂದಿ, ಆಮ್ಯಾಲ ಹೊತ್ತ ಆತು ಅಂದಿ."

ಸ್ನೇಹಲಳಿಗೆ ಕನ್ನಡ ತಿಳಿಯುತ್ತದೆ, ಸಂಕಟ ಬಂದಾಗ ಮಾತ್ರ ನಾಲಿಗೆ ಮರಾಠಿಗೆ ಹೊರಳುತ್ತದೆ. ಕ್ಲಾಸಿನ ಕೋಣೆ ಎ.ಸಿ.ದು ಎಂದಳು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ತಿನ್ನುವ ಪದಾರ್ಥ ಒಳಗೆ ತರಬಾರದು ಎಂದು ಬಾಗಿಲ ಮೇಲೆ ಬರೆದಿದ್ದಾರೆ. ಎರಡು ತಾಸಿನಲ್ಲಿ ಬಿಡುವಿಲ್ಲ. ಹೊಸ ಬ್ಯಾಚಿನ ಮೊದಲ ದಿನ ಮೆಟ್ಟಿಲ ಮೇಲೆ ಕೂತು ತುಪ್ಪ ಸುರಿದ ರೊಟ್ಟಿಯ ಡಬ್ಬಿ ತೆರೆದಾಗ, ಮೇಲೆ ಹತ್ತುತ್ತಿದ್ದ ಇಬ್ಬರು ಹುಡುಗಿಯರು ಮೂಗು ಮುಚ್ಚಿಕೊಂಡು, ಯಾರ ಮನೆಯ ಬಾಣಂತಿಯ ಊಟ ಇದು ಎಂದು ನಕ್ಕಿದ್ದರು. ಅವಳು ಡಬ್ಬಿ ಮುಚ್ಚಿದವಳು ಮತ್ತೆ ತೆರೆಯಲಿಲ್ಲ.

"ಇಷ್ಟಕ್ಕ?" ಎಂದರು ಅಜಿತ.

"ಪಪ್ಪಾ, ಇಷ್ಟ ಅಲ್ಲ ಅದು" ಎಂದಳು ಸ್ನೇಹಲ.

ಕ್ಲಾಸು ಬಿಡಿಸುವ ಮಾತು ಬಂತು. ಕೋರ್ಸು ಇನ್ನೂ ಮೂರು ವಾರ ಇತ್ತು. ಪ್ರಮಾಣಪತ್ರ ಇಲ್ಲದಿದ್ದರೆ ಅಷ್ಟು ದಿನ ಹೋದದ್ದೂ ದಂಡ. ನಿಯಮ ಬಿಡಿಸುವ ಮಾತನ್ನು ನಾನೇ ಎತ್ತಿದೆ. ಬೇಡ ಎಂದು ಸ್ನೇಹಲಳೇ ಹೇಳಿದಳು, ಅತ್ತೆ ಬಾಯಿ ತೆರೆಯುವ ಮೊದಲೇ. ಮತ್ತೆ ಉಳಿದದ್ದು ಕ್ಲಾಸಿನವರನ್ನು ಕೇಳುವುದು.

ಮರುದಿನ ಅಂಗನವಾಡಿ ಮುಗಿಸಿ, ಕ್ಲಾಸಿರುವ ವಿಶ್ರಾಮಬಾಗಕ್ಕೆ ಹೋದೆ. ಹಿಂದೆ ಆ ರಸ್ತೆಯಲ್ಲಿ ಬಂಗಲೆಗಳಿದ್ದವು. ಈಗ ಕೆಳಗೆ ಅಂಗಡಿ, ಮೇಲೆ ಕ್ಲಾಸು, ಅದರ ಮೇಲೆ ಇನ್ನೂ ಕಟ್ಟುತ್ತಿದ್ದರು. ಕ್ಲಾಸು ನಡೆಸುವ ಪಂಕಜ ಸರ್‌ಗೆ ಇಪ್ಪತ್ತೈದೋ ಇಪ್ಪತ್ತಾರೋ. ನನ್ನ ಮಾತು ಕೇಳಿ ಅವನು ಗಾಬರಿಯಾದ.

"ಬಾಯಿ, ಒಳಗೆ ಬೆಲ್ಲ ತಂದರೆ ಇರುವೆ ಬರುತ್ತವೆ. ಇರುವೆ ಕೀಬೋರ್ಡಿನೊಳಗೆ ಹೋದರೆ ಮುಗಿಯಿತು."

"ಒಳಗೆ ಬೇಡ. ಹತ್ತು ನಿಮಿಷ ಹೊರಗೆ ಬಿಡಿ."

"ಹೊರಗೆ ಎಲ್ಲಿ ಕೂರುತ್ತಾಳೆ? ಮೆಟ್ಟಿಲ ತಿರುವಿನಲ್ಲಿ ಜನರೇಟರ್ ಇದೆ."

"ಅದರ ಪಕ್ಕದಲ್ಲಿ."

ಅವನು ತಲೆ ಕೆರೆದುಕೊಂಡ. ಆಮೇಲೆ, ಐದೂವರೆಗೆ ಹತ್ತು ನಿಮಿಷ, ಎಲ್ಲರಿಗೂ ಬಿಡುತ್ತೇನೆ, ಒಬ್ಬಳಿಗೇ ಬಿಟ್ಟರೆ ಚೆನ್ನಾಗಿರುವುದಿಲ್ಲ ಎಂದ. ಆ ಹುಡುಗನಿಗೆ ಅಷ್ಟು ತಿಳಿದದ್ದು ನನಗೆ ಆಶ್ಚರ್ಯವಾಯಿತು.

ಮನೆಗೆ ಬಂದು ಹೇಳಿದೆ. ಸ್ನೇಹಲ ತಲೆಯಾಡಿಸಿದಳು, ಆದರೆ ಆ ತಲೆಯಾಡಿಸುವಿಕೆಯನ್ನು ನಾನು ನಂಬಲಿಲ್ಲ. ಅತ್ತೆಯೂ ನಂಬಲಿಲ್ಲ. "ನಾಳಿಂದ ನಾ ಹೊಕ್ಕೇನಿ" ಎಂದರು. "ಡಬ್ಬಿ ನನ್ನ ಕೈಯಾಗ ಇರ್ಲಿ. ಎಮ್ಮಿಗೆ ಹಾಕಿದ ಕೈ ಇದ. ಇದ ಕೈಲೆ ತಿನಸತೇನಿ."

"ಆಯಿ, ನೀ ಬ್ಯಾಡ. ಎಲ್ಲಾರೂ ನಗತಾರ."

"ನಗಲಿ. ನಗೂದರಿಂದ ರಕ್ತ ಏನ ಕಮ್ಮಿ ಆಗೂದಿಲ್ಲ."

ಅತ್ತೆ ಒಬ್ಬರೇ ಬಸ್ಸು ಹತ್ತಿದವರಲ್ಲ. ಸಾಂಗಲಿಗೆ ಹೋದರೆ ಜೊತೆಗೆ ಒಬ್ಬರು ಬೇಕು, ಅದೂ ಹಬ್ಬಕ್ಕೋ ಮದುವೆಯ ಜವಳಿಗೋ. ಮರುದಿನ ನಾಲ್ಕಕ್ಕೆ ಬಿಸಿ ರೊಟ್ಟಿ ಬಡಿದು, ಡಬ್ಬಿಯನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಬೇರೆ ತಂಬಿಗೆಯಲ್ಲಿ ಕಾಯಿಸಿದ ನೀರು ತೆಗೆದುಕೊಂಡು, ಮೊಮ್ಮಗಳ ಹಿಂದೆ ಹೊರಟರು. ಹೋಗುವಾಗ ಜೊತೆಯಲ್ಲಿ, ಬರುವಾಗ ಒಬ್ಬರೇ, ಬೆಳಕಿರುವಾಗಲೇ. ಅವರ ಊಟ ಹೊರಡುವ ಮೊದಲೇ ಮುಗಿದಿರುತ್ತಿತ್ತು.

ಮೊದಲ ದಿನ ಏನಾಯಿತು ಎಂಬುದನ್ನು ಅತ್ತೆಯೂ ಹೇಳಿದರು, ಸ್ನೇಹಲಳೂ ಹೇಳಿದಳು. ಎರಡನ್ನೂ ಕೂಡಿಸಿದರೆ ಇಷ್ಟು. ಐದೂವರೆಗೆ ಎಲ್ಲರೂ ಹೊರಬಂದಾಗ, ಜನರೇಟರಿನ ಪಕ್ಕದಲ್ಲಿ ಗೋಣಿತಟ್ಟು ಹಾಸಿಕೊಂಡು ಅತ್ತೆ ಕೂತಿದ್ದರು. ಒಬ್ಬ ಹುಡುಗ, "ಅಜ್ಜಿ, ನೀವೂ ಕಂಪ್ಯೂಟರ್ ಕಲೀತೀರಾ?" ಎಂದು ಮರಾಠಿಯಲ್ಲಿ ಕೇಳಿದ. ಅತ್ತೆ ತಮ್ಮ ಮರಾಠಿಯಲ್ಲಿ, "ನಾನು ಕಲಿತರೆ ನಿನಗೆ ನೌಕರಿ ಸಿಗೋದಿಲ್ಲಪ್ಪಾ" ಎಂದರು. ಮೂಗು ಮುಚ್ಚಿದ್ದ ಹುಡುಗಿಯರು ಯಾರು ಎಂದು ಸ್ನೇಹಲ ತೋರಿಸಲಿಲ್ಲ, ಅತ್ತೆ ಕೇಳಲೂ ಇಲ್ಲ. ಒಂದು ರೊಟ್ಟಿ, ಉಸಳಿ, ಅಳವಿಯ ಒಂದು ಉಂಡೆ, ಕೊನೆಗೆ ಗುಳಿಗೆ. ಅವಳು ನುಂಗುವವರೆಗೆ ಅತ್ತೆ ಅವಳ ಗಂಟಲನ್ನೇ ನೋಡುತ್ತ ಕೂತಿದ್ದರಂತೆ.

"ನಾ ಏನ ಕರಾನ? ಹಾಲು ಕುಡಿತೈತೋ ಇಲ್ಲೋ ಅಂತ ನೋಡಿದಂಗ ನೋಡತಾಳ" ಎಂದು ಸ್ನೇಹಲ ನನ್ನ ಮುಂದೆ ದೂರಿದಳು.

ಎರಡನೆಯ ವಾರ ಅತ್ತೆಗೆ ಮೊಣಕಾಲು ಬಾತಿತು. ಎರಡು ಮಹಡಿ ಹತ್ತಿ ಇಳಿದರೆ ಇನ್ನೇನಾಗುತ್ತದೆ. ಎಳ್ಳೆಣ್ಣೆ ಕಾಯಿಸಿ ತಿಕ್ಕಿಕೊಂಡು ಮರುದಿನ ಮತ್ತೆ ಹೋದರು. ನಾನು ಹೋಗುತ್ತೇನೆ ಎಂದೆ. ನಾಲ್ಕಕ್ಕೆ ನನ್ನ ಮೀಟಿಂಗು, ಐದಕ್ಕೆ ಹಾಲಿನಪುಡಿಯ ವಿತರಣೆ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕ್ಲಾಸು ದೀಪಾವಳಿಯ ಹೊತ್ತಿಗೆ ಮುಗಿಯಿತು. ಆಮೇಲೆ ಅವಳು ಮನೆಯಲ್ಲೇ ನಮ್ಮೊಂದಿಗೆ ಕೂತು ಉಂಡಳು. ತಟ್ಟೆಯಲ್ಲಿ ಎಷ್ಟು ಉಳಿಯಿತು ಎಂದು ಮೂವರೂ ನೋಡುತ್ತಿದ್ದೆವು. ಅವಳಿಗೆ ಅದು ಸೇರುತ್ತಿರಲಿಲ್ಲ.

ನವೆಂಬರ್ ನಾಲ್ಕಕ್ಕೆ ಮೂವರು ಹೆಂಗಸರೂ ಮಿರಜಿಗೆ ಹೋದೆವು. ರಕ್ತ ಕೊಟ್ಟು ಎರಡು ತಾಸು ಬೆಂಚಿನ ಮೇಲೆ ಕಾದೆವು. ಅತ್ತೆ ಹೋಗಿಬರುವವರ ಉಗುರು ನೋಡುತ್ತ ಕೂತಿದ್ದರು. "ಆ ಹಸರ ಸೀರಿ ಉಟ್ಟಾಕೀಗೂ ಕಮ್ಮಿ ಐತಿ" ಎಂದು ನನ್ನ ಕಿವಿಯಲ್ಲಿ ಹೇಳಿದರು.

ಒಂಬತ್ತು ಪಾಯಿಂಟ್ ಆರು.

ನರ್ಸಿಂಗ್ ಶಾಲೆಯ ಮೇಟ್ರನ್ ಕೋಣೆಗೆ ಕರೆದರು. ಮೇಜಿನ ಮೇಲೆ ಹಳೆಯ ಎರಡು ಚೀಟಿ, ಹೊಸದೊಂದು, ಮತ್ತು ಮೃಣಾಲ ಮೇಡಂ ಬರೆದ ಒಂದು ಹಾಳೆ. ಮೇಟ್ರನ್ ಎಲ್ಲವನ್ನೂ ಓದಿ ಕನ್ನಡಕ ತೆಗೆದರು.

"ನಿಯಮ ಹತ್ತು" ಎಂದರು ಮರಾಠಿಯಲ್ಲಿ. "ಆದರೆ ನಾಲ್ಕು ವಾರಕ್ಕೂ ಕಡಿಮೆ ದಿನದಲ್ಲಿ ಇಷ್ಟು ಏರಿದೆ, ಇನ್ನೂ ಏರುತ್ತದೆ. ಅದಕ್ಕೆ ನಾನು ಅಂಜುವುದಿಲ್ಲ. ನನ್ನ ಚಿಂತೆ ಬೇರೆ." ಅವರು ಸ್ನೇಹಲಳನ್ನೇ ನೋಡಿದರು. "ಹಾಸ್ಟೆಲಿನಲ್ಲಿ ರಾತ್ರಿಯ ಊಟ ಎಂಟು ಗಂಟೆಗೆ. ಎರಡನೆಯ ವರ್ಷದಿಂದ ರಾತ್ರಿ ಪಾಳಿ. ಇಲ್ಲಿ ಯಾರೂ ಡಬ್ಬಿ ಹಿಡಿದುಕೊಂಡು ಬಂದು ಕೂರುವುದಿಲ್ಲ. ನೀನು ಉಣ್ಣದೆ ಮಲಗುವವಳಾದರೆ ಮಾರ್ಚಿನಲ್ಲಿ ಮತ್ತೆ ಏಳಕ್ಕೆ ಇಳಿಯುತ್ತೀ, ವಾರ್ಡಿನಲ್ಲಿ ಬೀಳುತ್ತೀ. ಅಂಥವಳಿಗೆ ಸೀಟು ಕೊಟ್ಟು, ಇನ್ನೊಬ್ಬಳನ್ನು ಯಾಕೆ ಬಿಡಲಿ? ಹೇಳು."

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಲಿಲ್ಲ. ಮೃಣಾಲ ಮೇಡಂ ಒಮ್ಮೆ ನನ್ನನ್ನು ತಡೆದಿದ್ದರಲ್ಲ. ಅತ್ತೆ ಕಿಟಕಿಯ ಆಚೆ ನೋಡುತ್ತಿದ್ದರು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ, ಒಂದು ನೀರಿನ ಟಾಕಿ ಮಾತ್ರ.

"ನನ್ನ ನಿಯಮ ಕಾರ್ತಿಕ ಹುಣ್ಣಿಮೆಯವರೆಗೆ" ಎಂದಳು ಸ್ನೇಹಲ. ಅವಳ ಮರಾಠಿ ನನ್ನದಕ್ಕಿಂತ ಸ್ವಚ್ಛ. "ಇನ್ನೂ ಹತ್ತು ದಿನ. ರಾತ್ರಿ ಪಾಳಿಗೆ ಹೋಗುವ ಸಿಸ್ಟರ್‌ಗಳಿಗೆ ಐದೂವರೆಗೆ ತಟ್ಟೆ ಕೊಡುತ್ತಾರೆ ಎಂದು ಹೊರಗೆ ಕೇಳಿಕೊಂಡು ಬಂದಿದ್ದೇನೆ. ಆ ಹತ್ತು ದಿನ ಅವರ ಜೊತೆ ಉಣ್ಣುತ್ತೇನೆ."

"ಆಮೇಲೆ?"

"ಆಮೇಲೆ ಎಂಟಕ್ಕೆ."

ಅವಳು ಅತ್ತೆಯ ಕಡೆ ತಿರುಗದೆ ಹೇಳಿದಳು, ಆದರೆ ಅತ್ತೆಗೆ ಕೇಳಿಸುವಷ್ಟು ಗಟ್ಟಿಯಾಗಿ. ಮೇಟ್ರನ್ ಅತ್ತೆಯ ಮುಖ ನೋಡಿದರು. ಅತ್ತೆ ಟಾಕಿಯನ್ನು ನೋಡುವುದು ಬಿಡಲಿಲ್ಲ. ಮೇಟ್ರನ್ ಹಾಳೆಯ ಕೆಳಗೆ, ಡಿಸೆಂಬರ್ ಹದಿನೈದಕ್ಕೆ ಮರುಪರೀಕ್ಷೆ ಎಂಬ ಷರತ್ತಿನ ಮೇಲೆ ಪ್ರವೇಶ ಎಂದು ಬರೆದು ಸಹಿ ಹಾಕಿದರು. ನನ್ನ ಸಹಿಯನ್ನೂ ಕೇಳಿದರು. ನಾನು ಹಾಕಿದೆ.

ಹೊರಗೆ ಬಂದ ಕೂಡಲೇ ಅತ್ತೆ ಸಿಟಿ ಬಸ್ಸಿನ ನಿಲ್ದಾಣದ ಕಡೆ ಹೊರಟರು. ಮೊಣಕಾಲು ಹಿಡಿದುಕೊಂಡು, ನಮಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದರು. ಸ್ನೇಹಲ ನನ್ನ ಕಡೆ ನೋಡಿದಳು, ನಾನು ರಸ್ತೆ ನೋಡಿದೆ. ಸಾಂಗಲಿಯ ಬಸ್ಸು ಬಂದು ನಿಂತಿತು. ಅತ್ತೆ ಹತ್ತಲಿಲ್ಲ.

"ಎಂಟಕ್ಕ ಕೊಡೂದು ಬಿಸೀದ ಇರತೈತೇನು?" ಎಂದು ಕೇಳಿದರು.

"ಗೊತ್ತಿಲ್ಲ ಆಯಿ."

"ಐದೂವರಿಗೆ ಮಾಡಿದ್ದನ್ನ ಎಂಟಕ್ಕ ನೀಡಿದ್ರ?"

"ಕೇಳಿಲ್ಲ."

"ಎಲ್ಲಾ ಕೇಳಿ ಬಂದಿ, ಅದೊಂದ ಕೇಳಲಿಲ್ಲ. ಥಣ್ಣಗಿದ್ರ ನೀ ಅರ್ಧಾ ಬಿಡತಿ. ನನಗ ಗೊತ್ತಿಲ್ಲೇನು?" ಎಂದು ಬೈಯುತ್ತ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅತ್ತೆ ಬಂದ ದಾರಿಯಲ್ಲೇ ಹಾಸ್ಟೆಲಿನ ಅಡುಗೆಮನೆ ಹುಡುಕಿಕೊಂಡು ಹೊರಟರು. ಕಂಡಕ್ಟರ್ ಗಂಟೆ ಬಾರಿಸಿದ. ನಾವು ಬಸ್ಸು ಬಿಟ್ಟು ಅವರ ಹಿಂದೆ ನಡೆದೆವು.